ಶಿಕಾರಿಪುರದಲ್ಲಿ ಹೊಲಿದ ಕೊರಳಪಟ್ಟಿ

ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ. ಮಲೆನಾಡು ಇನ್ನೂ ಮುಗಿದಿಲ್ಲ, ಬಯಲುಸೀಮೆ ಇನ್ನೂ ಪೂರ್ತಿ ಆರಂಭವಾಗಿಲ್ಲ ಎನ್ನುವಂಥ ನಾಡು ಅದು. ಒಂದು ಮಗ್ಗುಲಿಗೆ ಕಾಡಿನ ಅಂಚು, ಇನ್ನೊಂದು ಮಗ್ಗುಲಿಗೆ ಮೆಕ್ಕೆಜೋಳದ ಹೊಲ. ನಡುನಡುವೆ ಕೆರೆ, ಕೆರೆಯ ಕೆಳಗೆ ಭತ್ತದ ಗದ್ದೆ. ಅಲ್ಲಿ ನನ್ನ ಅಣ್ಣನ ಮನೆಯಿರುವುದರಿಂದ ಈ ದಾರಿಯಲ್ಲಿ ಎಷ್ಟೋ ಸಲ ಹೋಗಿಬಂದಿದ್ದೇನೆ. ಆದರೆ ಸೂಜಿ, ದಾರ, ಕತ್ತರಿ, ಒಂದು ತುಂಡು ಕ್ಯಾನ್ವಾಸು, ಕಪ್ಪು ರೇಷ್ಮೆಯ ಹಳೆಯದೊಂದು ಸೀರೆ, ಇಷ್ಟನ್ನು ಕೈಚೀಲದಲ್ಲಿಟ್ಟುಕೊಂಡು ಹೋದದ್ದು ಕಳೆದ ಸಲ ಮಾತ್ರ.

ಅಣ್ಣನ ಮಗನ ಶಾಲೆಯಲ್ಲಿ ವಾರ್ಷಿಕೋತ್ಸವ. ತಾಲ್ಲೂಕಿನ ಚರಿತ್ರೆಯಿಂದ ಆಯ್ದ ಮೂರು ದೃಶ್ಯಗಳನ್ನು ಮಕ್ಕಳಿಂದ ಆಡಿಸುವುದೆಂದು ನಿಶ್ಚಯವಾಗಿತ್ತು. ಮೊದಲನೆಯದು 1799ರದು: ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಧೋಂಡಿಯ ವಾಘನನ್ನು ಬೆನ್ನಟ್ಟಿ ಶಿಕಾರಿಪುರಕ್ಕೆ ಬಂದದ್ದು. ಎರಡನೆಯದು, ಬಿ. ಎಲ್. ರೈಸ್ ಸಾಹೇಬರು ತಾಳಗುಂದದ ಕಂಬದ ಮುಂದೆ ನಿಂತದ್ದು. ಮೂರನೆಯದು 1942ರ ಈಸೂರು. ಪೋಷಾಕಿನ ಪೆಟ್ಟಿಗೆಯನ್ನು ಬಾಡಿಗೆಗೆ ತರಿಸಿದ್ದಾಯಿತು. ತೆರೆದು ನೋಡಿದರೆ ಕೋಟುಗಳೇನೋ ಇದ್ದವು. ಕೊರಳಿಗೆ ಮಾತ್ರ ಮೂರು ಕಾಲಕ್ಕೂ ಒಂದೇ ಬಗೆಯ, ಎಲಾಸ್ಟಿಕ್ ಹಾಕಿದ ಕೆಂಪು ಟೈ! ನೂರ ನಲವತ್ತು ವರ್ಷಗಳ ಚರಿತ್ರೆಯನ್ನು ಒಂದು ಎಲಾಸ್ಟಿಕ್ಕಿನಿಂದ ಕಟ್ಟಿಬಿಟ್ಟಿದ್ದರು.

ಅತ್ತಿಗೆ ಫೋನು ಮಾಡಿ, “ನಿನ್ನ ಹೊಲಿಗೆಯ ವಿದ್ಯೆ ಇನ್ನೆಂದಿಗೆ ಬಂದೀತು? ಬಾ” ಎಂದರು. ಸ್ವಲ್ಪ ತಡೆದು, “ಇವನು ಬೇರೆ ಊಟ ಬಿಟ್ಟು ಕೂತಿದ್ದಾನೆ” ಎಂದರು. ‘ಇವನು’ ಎಂದರೆ ನನ್ನ ಅಳಿಯ, ಹದಿಮೂರು ವರ್ಷದ ಹುಡುಗ. ಈಸೂರಿನ ದೃಶ್ಯದಲ್ಲಿ ಅವನಿಗೆ ಸಿಕ್ಕದ್ದು ಅಮಲ್ದಾರನ ಪಾತ್ರ. ಜೊತೆಯ ಹುಡುಗರು ಆಗಲೇ ಅವನನ್ನು ‘ದೇಶದ್ರೋಹಿ’ ಎಂದು ಕರೆಯತೊಡಗಿದ್ದರು. ಕೆಂಪು ಟೈ ಕಟ್ಟಿಕೊಂಡು, ಕೋಡಂಗಿಯಂತೆ ಕುಣಿದು, ಏಟು ತಿಂದು ಬೀಳುವುದೇ ತನ್ನ ಪಾತ್ರವೆಂದು ಅವನು ತಿಳಿದಿದ್ದ.

ಬಾಗದ ಕೊರಳು

ಮೊದಲ ದೃಶ್ಯದಿಂದಲೇ ಕೆಲಸ ಆರಂಭಿಸಿದೆ. ಶಿಕಾರಿಪುರಕ್ಕೆ ಹಿಂದೆ ಮಳಿಯನಹಳ್ಳಿ ಎಂದು ಹೆಸರಿತ್ತು. ಕೆಳದಿಯ ಅರಸರು ಮಹಾದಾನಪುರವೆಂದರು. ಹೈದರ್-ಟಿಪ್ಪು ಕಾಲದಲ್ಲಿ ಬೇಟೆಗೆ ಹೆಸರಾದದ್ದರಿಂದ ಶಿಕಾರಿಪುರವಾಯಿತು ಎಂದು ಹಳೆಯ ಗೆಜೆಟಿಯರು ಹೇಳುತ್ತದೆ. ಕುಮುದ್ವತಿಯ ದಂಡೆಯ ಈ ಊರಿನ ಬಳಿ 1799ರ ಆಗಸ್ಟಿನಲ್ಲಿ ಮನುಷ್ಯರ ಬೇಟೆಯೇ ನಡೆಯಿತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ ಟಿಪ್ಪುವಿನ ಸೆರೆಯಲ್ಲಿದ್ದವನು. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು, ಚದರಿದ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ಹಿಡಿದ. ಕಂಪನಿಯ ದಂಡು ಇಲ್ಲಿ ಅವನನ್ನು ಸೋಲಿಸಿ ಮರಾಠರ ಸೀಮೆಗೆ ಅಟ್ಟಿತು. ಮರುವರ್ಷ ‘ಉಭಯಲೋಕಾಧೀಶ್ವರ’ ಎಂಬ ಬಿರುದು ಹೊತ್ತು ಮರಳಿದ ಅವನು 1800ರ ಸೆಪ್ಟೆಂಬರ್ 10ರಂದು ವೆಲ್ಲೆಸ್ಲಿಯ ಸೇನೆಗೆ ಎದುರಾಗಿ ಮಡಿದ. ಅವನ ಎಳೆಯ ಮಗ ಸಲಾಬತ್ ಖಾನನನ್ನು ಸಾಕುವ ಏರ್ಪಾಡನ್ನು ಆ ವೆಲ್ಲೆಸ್ಲಿಯೇ ಮಾಡಿದ.

ಆ ದಂಡಿನ ಅಧಿಕಾರಿಯ ಕೊರಳಲ್ಲಿ ಏನಿತ್ತು? ಈಗಿನ ಟೈ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿಗೆ ಬಂದ ಕ್ರೊವೇಷಿಯದ ಸಿಪಾಯಿಗಳು ಕೊರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಅದನ್ನು ಕಂಡು ಅಲ್ಲಿನ ಶ್ರೀಮಂತರು ‘ಕ್ರವಾಟ್’ ಕಟ್ಟತೊಡಗಿದರು. ಅದು ಉದ್ದನೆಯ ನಯವಾದ ಬಟ್ಟೆ. ಕೊರಳಿಗೆ ಸುತ್ತಿ ಮುಂದೆ ಗಂಟು ಹಾಕುವುದು. ಇಂಗ್ಲೆಂಡಿನಲ್ಲಿ ಈ ಬಟ್ಟೆಗೆ ಬಹಳ ಮೆಚ್ಚಿಕೆಯಾದದ್ದು ನಮ್ಮ ದೇಶದ ಮಸ್ಲಿನ್. ಅದರ ತಮ್ಮನೇ ‘ಸ್ಟಾಕ್’ ಎಂಬ ಸಿದ್ಧಪಟ್ಟಿ. ನಾಲ್ಕು ಬೆರಳು ಅಗಲ, ಒಳಗೆ ಬಿರುಸಾದ ಅಸ್ತರು, ಹಿಂದೆ ಕತ್ತಿನ ಬುಡದಲ್ಲಿ ಬಕಲ್ಲು. ಮನೆಯಲ್ಲಿ ದೊರೆಗಳು ಬಿಳಿಯದನ್ನು ಧರಿಸುತ್ತಿದ್ದರು, ದಂಡಿನಲ್ಲಿ ಕಪ್ಪು. ಅಧಿಕಾರಿಗೆ ರೇಷ್ಮೆ, ಸಾಮಾನ್ಯ ಗೋರಾ ಸಿಪಾಯಿಗೆ ತೊಗಲು. ಕತ್ತಿಯ ಏಟಿನಿಂದ ಕೊರಳು ಕಾಯುವುದೆಂದೂ, ತಲೆ ನೆಟ್ಟಗೆ ನಿಲ್ಲುವುದೆಂದೂ ಹೇಳಿ ಅದನ್ನು ತೊಡಿಸುತ್ತಿದ್ದರು. ಅಮೆರಿಕದ ಮರೀನ್ ದಳದ ಸೈನಿಕರಿಗೆ ಇಂದಿಗೂ ‘ಲೆದರ್‌ನೆಕ್’, ಎಂದರೆ ತೊಗಲುಗೊರಳಿನವರು, ಎಂಬ ಅಡ್ಡಹೆಸರು ಉಳಿದಿರುವುದು ಈ ಪಟ್ಟಿಯಿಂದಲೇ.

ನಾನು ಕತ್ತರಿಸಿದ ಮೊದಲ ಪಟ್ಟಿ ಕೆಟ್ಟಿತು. ರೇಷ್ಮೆಯನ್ನು ಎಳೆಯ ಗುಂಟ ನೇರವಾಗಿ ಕತ್ತರಿಸಿಬಿಟ್ಟಿದ್ದೆ. ಮೇಜಿನ ಮೇಲೆ ಚೆನ್ನಾಗಿ ಕಂಡದ್ದು, ಕೊರಳಿಗೆ ಸುತ್ತಿದೊಡನೆ ಬಾಡಿದ ಬಾಳೆಎಲೆಯಂತೆ ಸುಕ್ಕಾಯಿತು. ಬಿಚ್ಚಿ, ಎರಡನೆಯ ಸಲ ಓರೆಯಾಗಿ, ಮೂಲೆಯಿಂದ ಮೂಲೆಗೆ ಕತ್ತರಿಸಿದೆ. ಓರೆಯಾಗಿ ಕತ್ತರಿಸಿದ ಬಟ್ಟೆ ಮೈಯ ತಿರುವಿಗೆ ತಾನಾಗಿ ಒಗ್ಗುತ್ತದೆ. ಇಂದಿನ ಟೈ ಕೂಡ ಸೊಟ್ಟಗಾಗದೆ ಇಳಿಬೀಳುವುದು ಈ ಓರೆಯಿಂದಲೇ. ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬವನು ಮೂರು ತುಂಡುಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸುವ ಕ್ರಮಕ್ಕೆ 1920ರ ದಶಕದಲ್ಲಿ ಪೇಟೆಂಟ್ ಪಡೆದ. ರೇಷ್ಮೆಯ ತೊಂದರೆ ನೀಗಿತು. ಇನ್ನು ಒಳಗಿನ ಬಿರುಸು. ಅಂದಿನವರು ಕುದುರೆಯ ಕೂದಲಿನ ಬಟ್ಟೆಯನ್ನೋ ರಟ್ಟನ್ನೋ ಹಾಕುತ್ತಿದ್ದರು. ನನ್ನ ಕ್ಯಾನ್ವಾಸು ಎರಡು ಪದರವಾದರೂ ಗಲ್ಲದ ಕೆಳಗೆ ಕುಸಿಯುತ್ತಿತ್ತು.

“ನಮ್ಮಮ್ಮನ ಮನೆಗೆ ಹೋಗೋಣ, ಅಲ್ಲಿ ಉಪಾಯವಿದೆ” ಎಂದರು ಅತ್ತಿಗೆ. ಅವರ ತವರು ಸೊರಬದ ಬಳಿಯ ಒಂದು ಹಳ್ಳಿ.

ಸೊರಬದ ಹಾಳೆ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಪಡುವಣಕ್ಕೆ ಹೋದಂತೆ ಭೂಮಿಯ ಬಣ್ಣವೇ ಬದಲಾಗುತ್ತದೆ. ಹೊಲಗಳು ಹಿಂದೆ ಸರಿದು, ತಗ್ಗಿನಲ್ಲಿ ಅಡಿಕೆ ತೋಟಗಳು ಕಾಣಿಸಿಕೊಳ್ಳುತ್ತವೆ. ಸೊರಬ ದಂಡಾವತಿಯ ದಡದ ಊರು. ಶ್ರೀಗಂಧದಲ್ಲಿಯೂ ದಂತದಲ್ಲಿಯೂ ಕೂದಲೆಳೆಯಷ್ಟು ನವುರಾದ ಬಳ್ಳಿಯನ್ನು ಕೊರೆದು ಹೆಸರಾದ ಗುಡಿಗಾರರ ಸೀಮೆಯಿದು. ಅವರ ಉಳಿಯ ಮುಂದೆ ನನ್ನ ಸೂಜಿ ಏನು ಮಹಾ ಎಂದುಕೊಳ್ಳುತ್ತಲೇ ತೋಟದ ಮನೆಗೆ ಇಳಿದೆವು.

ಅತ್ತಿಗೆಯ ಉಪಾಯವೆಂದರೆ ಅಡಿಕೆಯ ಹಾಳೆ. ತೋಟದಲ್ಲಿ ಬಿದ್ದ ಸೋಗೆಯ ಬುಡದ ಹಾಳೆಯಿಂದ ಮಲೆನಾಡಿನವರು ಟೋಪಿ ಮಾಡುತ್ತಾರೆ, ತಟ್ಟೆ ಮಾಡುತ್ತಾರೆ, ಮಕ್ಕಳನ್ನು ಕೂರಿಸಿ ಎಳೆದಾಡುತ್ತಾರೆ. ಕಂಪನಿಯ ಕರ್ನಲ್ಲನ ಕೊರಳಿಗೆ ಅದು ಬಂದೀತೆಂದು ಯಾರು ಎಣಿಸಿದ್ದರು? ಒಣ ಹಾಳೆಯನ್ನು ಬಗ್ಗಿಸಿದರೆ ಸೀಳುತ್ತದೆ. ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿದರೆ ತೊಗಲಿನಂತೆ ಮೆತ್ತಗಾಗುತ್ತದೆ. ನಾಲ್ಕು ಬೆರಳಗಲದ ಪಟ್ಟಿ ಕತ್ತರಿಸಿ, ಹಿತ್ತಾಳೆಯ ತಂಬಿಗೆಯೊಂದರ ಸುತ್ತ ಬಟ್ಟೆಯಿಂದ ಬಿಗಿದು ಬಿಸಿಲಿಗಿಟ್ಟೆವು. ಸಂಜೆಗೆ ಅದು ತಂಬಿಗೆಯ ಆಕಾರ ಹಿಡಿದು ಗಟ್ಟಿಯಾಗಿತ್ತು. ಅಂಚು ಗಲ್ಲವನ್ನು ಕೊರೆಯದಂತೆ ಹಳೆಯ ಪಂಚೆಯ ಚೂರನ್ನು ಮಡಿಸಿ ಅಂಚಿಗೆ ಹೊಲಿದೆ. ಸಾಮಾನ್ಯ ಸೂಜಿ ಎರಡು ಮುರಿದ ಮೇಲೆ, ಗೋಣಿ ಹೊಲಿಯುವ ದಬ್ಬಳದಿಂದ ಮೊದಲು ತೂತು ಮಾಡಿಕೊಂಡು ದಾರ ಪೋಣಿಸಿದೆ. ಹಾಳೆಯ ಮೇಲೆ ಕ್ಯಾನ್ವಾಸು, ಮೈಗೆ ತಾಗುವ ಕಡೆ ಮೆತ್ತನೆಯ ಮಲ್ಲು ಬಟ್ಟೆ, ಹೊರಗೆ ಓರೆಯಾಗಿ ಕತ್ತರಿಸಿದ ಕಪ್ಪು ರೇಷ್ಮೆ. ಹಿಂದೆ ಎರಡು ಕಿವಿ, ಹಳೆಯ ಬೆಲ್ಟೊಂದರ ಬಕಲ್ಲು.

ಹೊಲಿದವರು ತೊಟ್ಟು ನೋಡದೆ ಬಿಡುವುದುಂಟೆ? ಕನ್ನಡಿಯ ಮುಂದೆ ನಿಂತು ಕಟ್ಟಿಕೊಂಡೆ. ಒಡನೆಯೇ ಬೆನ್ನು ನೆಟ್ಟಗಾಯಿತು, ಗಲ್ಲ ಮೇಲಕ್ಕೆದ್ದಿತು. ಎದುರಿಗಿದ್ದ ಅತ್ತಿಗೆಯನ್ನು ಮೂಗಿನ ತುದಿಯಿಂದ ನೋಡುವಂತಾಯಿತು. ಆ ಹೊತ್ತಿಗೆ ಸರಿಯಾಗಿ ಅತ್ತಿಗೆಯ ತಾಯಿ ಕೋಲೂರಿಕೊಂಡು ಒಳಗೆ ಬಂದರು. ಬಂದಾಗಿನಿಂದ ಅವರಿಗೆ ನಮಸ್ಕಾರ ಮಾಡಿರಲಿಲ್ಲ. ಕಾಲಿಗೆರಗಲು ಬಾಗಿದೆ, ಬಾಗಲಾಗಲಿಲ್ಲ! ಸೊಂಟ ಬಾಗಿತು, ಕೊರಳು ಬಾಗಲೊಲ್ಲದು. ಕಾಲು ಎಲ್ಲಿದೆಯೆಂದು ಕಣ್ಣಿಗೆ ಕಾಣದೆ, ಕೈ ಗಾಳಿಯಲ್ಲಿ ತಡಕಾಡಿತು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ.

ಆದರೆ ಆ ಕ್ಷಣದಲ್ಲಿ ಯಾವ ಪುಸ್ತಕವೂ ಹೇಳದ ಒಂದು ಮಾತು ನನಗೆ ಹೊಳೆಯಿತು. ಈ ಪಟ್ಟಿಯನ್ನು ಕಟ್ಟಿಕೊಂಡು ಸಾವಿರಾರು ಹರದಾರಿ ದೂರದಿಂದ ಬಂದ ಮನುಷ್ಯ ತನ್ನ ಕಾಲ ಕೆಳಗಿನ ನೆಲವನ್ನು ನೋಡಲಾರ. ನಮಸ್ಕರಿಸಿದವರಿಗೆ ಮರಳಿ ತಲೆಬಾಗಿಸಲಾರ. ಅದು ಅವನ ಸ್ವಭಾವದ ದೋಷವೋ ಅಲ್ಲವೋ, ಬಟ್ಟೆಯಂತೂ ಅವನಿಗೆ ಅವಕಾಶ ಕೊಡುತ್ತಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅಜ್ಜಿ, “ಇನ್ನೂ ಯಾರ್ಯಾರಿಗೆ ಹೊಲಿಯಬೇಕು?” ಎಂದು ಕೇಳಿದರು. ಅಮಲ್ದಾರನ ಪಾತ್ರದ ಕಥೆಯನ್ನೂ ಹುಡುಗನ ಕಣ್ಣೀರನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತ ಸುಮ್ಮನಿದ್ದು, “ಅಮಲ್ದಾರರಿಗೂ ಸರಿಯಾಗಿ ಹೊಲಿ ತಾಯಿ. ಅವರ ಮನೆಯಲ್ಲೂ ದಾರಿ ಕಾಯುವವರು ಇದ್ದರಲ್ಲ” ಎಂದರು.

ಹೊಲಿಗೆಯಿಲ್ಲದ ಕಾಲ

ಮರುದಿನ ಹಿಂದಿರುಗುವಾಗ ಬಳ್ಳಿಗಾವೆಗೂ ತಾಳಗುಂದಕ್ಕೂ ಹೋಗಿಬಂದೆವು. ಎರಡೂ ಶಿರಾಳಕೊಪ್ಪಕ್ಕೆ ಸಮೀಪದವೇ. ಅಲ್ಲಮನ ಹೆಸರಿನೊಡನೆ ಹೆಣೆದುಕೊಂಡ ಬಳ್ಳಿಗಾವೆಗೆ ಹೋದವರು ಸಾಮಾನ್ಯವಾಗಿ ಕೇದಾರೇಶ್ವರನ ಗುಡಿಯ ಶಿಖರವನ್ನು ನೋಡುತ್ತಾರೆ. ಕೊರಳಪಟ್ಟಿಯ ಗುಂಗು ಹಿಡಿದ ನಾನು ಶಿಲ್ಪಗಳ ಕೊರಳನ್ನೇ ನೋಡುತ್ತ ಸುತ್ತಿದೆ. ಕಂಠಿ, ಹಾರ, ಎದೆಯ ಮೇಲೆ ಇಳಿಬಿದ್ದ ಸರ, ಭುಜದಿಂದ ಜಾರಿದ ಉತ್ತರೀಯ. ಬಿಗಿದು ಹೊಲಿದ ಪಟ್ಟಿ ಒಂದೂ ಇಲ್ಲ. ಈ ಎರಡು ತಾಲ್ಲೂಕುಗಳಲ್ಲಿ ಹಳ್ಳಿಹಳ್ಳಿಗೂ ಸಿಗುವ ವೀರಗಲ್ಲುಗಳಲ್ಲಿಯೂ ಅಷ್ಟೆ. ಕೆಳಗಿನ ಅಂಕಣದಲ್ಲಿ ಕಾದುವ ವೀರ, ನಡುವೆ ಅಪ್ಸರೆಯರ ನಡುವಿನ ವೀರ, ಮೇಲೆ ದೇವರ ಮುಂದೆ ಕುಳಿತ ವೀರ. ಮೂರೂ ಕಡೆ ಕೊರಳು ಬಿಡುಬೀಸು.

ಉತ್ತರೀಯಕ್ಕೆ ಹೊಲಿಗೆಯಿಲ್ಲ, ಗುಂಡಿಯಿಲ್ಲ. ಬೇಕೆಂದಾಗ ಹೊದೆಯಬಹುದು, ಹಿರಿಯರ ಮುಂದೆ ಭುಜದಿಂದ ಇಳಿಸಬಹುದು, ಗುಡಿಯಲ್ಲಿ ಸೊಂಟಕ್ಕೆ ಸುತ್ತಬಹುದು. ಬಟ್ಟೆಯೇ ಮರ್ಯಾದೆಯ ಮಾತಾಡುತ್ತದೆ. ಬಿಗಿದ ಪಟ್ಟಿಗೆ ಗೊತ್ತಿರುವುದು ಒಂದೇ ಮಾತು.

ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡದ ಎತ್ತರದ ಕಂಬವಿದೆ. ಎರಡು ತಲೆಯ ಆ ಹಕ್ಕಿಯೇ ಮುಂದೆ ಮೈಸೂರು ಅರಸರ ಲಾಂಛನವಾಯಿತು, ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಇದೆ. ನಮ್ಮ ಅಮಲ್ದಾರನಿಗೆ ಅನ್ನ ಕೊಟ್ಟ ಸರ್ಕಾರದ ಗುರುತು ಅದೇ ಹಕ್ಕಿ ಎಂದು ಅಳಿಯನಿಗೆ ಆಮೇಲೆ ಹೇಳಬೇಕೆಂದುಕೊಂಡೆ.

ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮುಂದೆ ಕದಂಬರ ಕಂಬ ನಿಂತಿದೆ. ಕಂಚಿಗೆ ಓದಲು ಹೋದ ಮಯೂರಶರ್ಮ, ಪಲ್ಲವರ ರಾವುತನೊಬ್ಬನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ಅದರಲ್ಲಿದೆ. 1894ರಲ್ಲಿ ಇದನ್ನು ವಿದ್ವಾಂಸರ ಗಮನಕ್ಕೆ ತಂದವರು ರೈಸ್. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಶಿಕಾರಿಪುರದ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ 1902ರಲ್ಲಿಯೂ, ಸೊರಬದವನ್ನು ಎಂಟನೆಯದರಲ್ಲಿ 1904ರಲ್ಲಿಯೂ ಅಚ್ಚು ಹಾಕಿಸಿದರು. ಅವರ ಕಾಲಕ್ಕೆ ತೊಗಲಿನ ಪಟ್ಟಿ ಮೂಲೆ ಸೇರಿತ್ತು. ಅಂಗಿಯಿಂದ ಬೇರೆಯಾಗಿ ತೆಗೆದಿಡಬಹುದಾದ, ಗಂಜಿ ಹಾಕಿ ಗಟ್ಟಿ ಮಾಡಿದ ಬಿಳಿಯ ಕಾಲರು. ಅದರ ಸುತ್ತ ರೇಷ್ಮೆಯ ಟೈ. ಇದು ನನಗೆ ಸುಲಭವಾಯಿತು. ದಪ್ಪ ಬಿಳಿ ಬಟ್ಟೆ ಎರಡು ಪದರ ಹೊಲಿದು, ಅಕ್ಕಿಯ ಗಂಜಿಯಲ್ಲಿ ಅದ್ದಿ, ಅರೆ ಒಣಗಿದಾಗ ಕಾದ ಇಸ್ತ್ರಿ ಒತ್ತಿದೆ. ಗಂಜಿಯ ಕಾಲರು ಹಾಳೆಯಷ್ಟು ಕ್ರೂರಿಯಲ್ಲ. ಕಂಬದ ಬುಡದಲ್ಲಿ ಕುಳಿತು ಅಕ್ಷರವನ್ನು ಹತ್ತಿರದಿಂದ ನೋಡುವಷ್ಟು ಬಾಗಲು ಬಿಡುತ್ತದೆ. ರೈಸರ ಪಾತ್ರದ ಹುಡುಗನಿಗೆ ಅಷ್ಟು ಸಾಕಾಗಿತ್ತು.

ಈಸೂರಿನ ಕೊರಳುಗಳು

ಉಳಿದದ್ದು ಅಮಲ್ದಾರ. ಹಳೆಯ ಮೈಸೂರಿನ ಅಧಿಕಾರಿಯ ಉಡುಪನ್ನು ಬಲ್ಲವರು ಬಲ್ಲರು: ತಲೆಗೆ ಜರಿಯ ಪೇಟ, ಕೊರಳವರೆಗೆ ಗುಂಡಿಯಿಟ್ಟ ಉದ್ದ ಕೋಟು, ಅದರ ಮೇಲೆ ಕೊರಳು ಬಳಸಿ ಎದೆಯ ಮೇಲೆ ಇಳಿಬಿಟ್ಟ ಜರಿಯಂಚಿನ ವಲ್ಲಿ. ಕೋಟಿನ ಬಿಗಿಗೊರಳು ಇಂಗ್ಲಿಷರ ಕಡೆಯದು, ಮೇಲಿನ ವಲ್ಲಿ ಬಳ್ಳಿಗಾವೆಯ ಕಡೆಯದು. ಎರಡರ ನಡುವೆ ಸಿಕ್ಕಿಕೊಂಡ ಮನುಷ್ಯನ ಕೊರಳು ಅದು.

ಅಣ್ಣನ ಮನೆಯ ಟ್ರಂಕಿನಲ್ಲಿ ನಮ್ಮ ತಾತನ ವಲ್ಲಿ ಇತ್ತು. ತಾತ 1942ರಲ್ಲಿ ಬೇರೊಂದು ತಾಲ್ಲೂಕಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಮ್ಮ ಮನೆಯಲ್ಲಿ ಸ್ವಾತಂತ್ರ್ಯ ದಿನದಂದು ಎಲ್ಲರೂ ಭಾಷಣ ಮಾಡುತ್ತೇವೆ; ಆ ವರ್ಷ ನಮ್ಮ ಒಲೆ ಉರಿದದ್ದು ಯಾರ ಸಂಬಳದಿಂದ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ವಲ್ಲಿಯಲ್ಲಿ ನುಸಿ ತಿಂದ ಎರಡು ತೂತುಗಳಿದ್ದವು. ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ಹಾಸಿಗೊಂದು ಹೊಕ್ಕಿಗೊಂದು ಎಂದು ಹೆಣೆದು ರಫು ಮಾಡಿದೆ. ಮಡಿಸಿ, ಹುಡುಗನ ಅಳತೆಗೆ ನೆರಿಗೆ ಹಿಡಿದು, ಜಾರದಂತೆ ನಾಲ್ಕು ಕಡೆ ಕಚ್ಚಾ ಹೊಲಿಗೆ ಹಾಕಿದೆ.

ಹಾಕಿಸುವ ಮೊದಲು ಅಳಿಯನನ್ನು ಈಸೂರಿಗೆ ಕರೆದುಕೊಂಡು ಹೋದೆ. ಹುತಾತ್ಮರ ಸ್ಮಾರಕದ ಮುಂದೆ ನಿಂತು ಕಥೆಯನ್ನು ಮೊದಲಿನಿಂದ ಹೇಳಿದೆ. 1942ರ ಸೆಪ್ಟೆಂಬರಿನಲ್ಲಿ ಈ ಊರು ತಾನೇ ಸ್ವತಂತ್ರವೆಂದು ಸಾರಿ, ವೀರಭದ್ರನ ಗುಡಿಯ ಮೇಲೆ ಬಾವುಟ ಏರಿಸಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬುದು ಅಂದಿನ ಮಾತು. ತಮ್ಮ ಸರ್ಕಾರಕ್ಕೆ ಅಧಿಕಾರಿಗಳನ್ನು ನೇಮಿಸಿದಾಗ ಅವರು ಆರಿಸಿದ್ದು ಇಬ್ಬರು ಹುಡುಗರನ್ನು. ಒಬ್ಬ ಅಮಲ್ದಾರ, ಒಬ್ಬ ಸಬ್‌ಇನ್‌ಸ್ಪೆಕ್ಟರು. “ನಿಜವಾಗಿಯೂ ಹುಡುಗನೇ ಅಮಲ್ದಾರನಾಗಿದ್ದನೇ ಅತ್ತೆ?” ಎಂದು ಅವನು ಮೊದಲ ಬಾರಿಗೆ ಕಣ್ಣರಳಿಸಿದ.

ಮುಂದಿನದನ್ನೂ ಹೇಳಬೇಕಾಗಿತ್ತು. ಸರ್ಕಾರದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಪೊಲೀಸರೊಡನೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿರೆಂದು ಊರವರು ಒತ್ತಾಯಿಸಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಗುಂಡುಗಳವರೆಗೆ ಹೋಯಿತು; ಆ ಗಲಭೆಯಲ್ಲಿ ಇಬ್ಬರು ಅಧಿಕಾರಿಗಳೂ ಸತ್ತರು. ಆಮೇಲೆ ದಂಡು ಬಂದಿತು, ಜನ ಕಾಡು ಸೇರಿದರು, ಹೆಂಗಸರೂ ಸೆರೆಮನೆ ಕಂಡರು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಗಾದರೆ ನಾನು ಕುಣಿಯುವುದಿಲ್ಲ. ನೆಟ್ಟಗೆ ನಿಂತು ಮಾತಾಡುತ್ತೇನೆ” ಎಂದ.

ಉತ್ಸವದ ದಿನ ಕಪ್ಪು ಪಟ್ಟಿಯ ಕರ್ನಲ್ಲ ಮೆಟ್ಟಿಲು ಕಾಣದೆ ಎಡವಿದ, ಸಭೆ ನಕ್ಕಿತು. ರೈಸರು ಕಂಬದ ಮುಂದೆ ಬಾಗಿ ಓದಿದರು. ಕೊನೆಗೆ ಪೇಟ, ಕೋಟು, ತಾತನ ವಲ್ಲಿಯೊಡನೆ ನಮ್ಮ ಹುಡುಗ ಬಂದು ನಿಂತಾಗ ಯಾರೂ ನಗಲಿಲ್ಲ. ಎದುರು ನಿಂತ ಹುಡುಗ ಟೋಪಿ ನೀಡಿದ. ಇವನ ಕೈ ಅರ್ಧ ಮುಂದೆ ಬಂದು, ವಲ್ಲಿಯ ಅಂಚನ್ನು ಹಿಡಿದು ಹಿಂದೆ ಸರಿಯಿತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಯ ನೋಟದಲ್ಲಿ ಐವರು ಹುಡುಗರ ಕೊರಳಿಗೆ ಹಗ್ಗ ಹಾಕಿ ನಿಲ್ಲಿಸಬೇಕೆಂದು ಮೊದಲು ಯೋಚಿಸಿದ್ದರಂತೆ. ಮಾಸ್ತರರೊಡನೆ ಮಾತಾಡಿ ಅದನ್ನು ಬಿಡಿಸಿದೆವು. ಐವರೂ ಬರಿಗೊರಳಲ್ಲಿ ನಿಂತರು. ಪುಟ್ಟ ಹುಡುಗಿಯೊಬ್ಬಳು ಬಂದು ಒಬ್ಬೊಬ್ಬರಿಗೂ ಒಂದೊಂದು ಲಡಿ ಕೈನೂಲನ್ನು ಹಾರವಾಗಿ ಹಾಕಿದಳು. ಅವಳ ಕೈಗೆ ಎಟುಕಲೆಂದು ಐವರೂ ತಲೆ ಬಾಗಿಸಿದರು.

ಪೋಷಾಕಿನ ಪೆಟ್ಟಿಗೆಯನ್ನು ಮರುದಿನ ಹಿಂದಕ್ಕೆ ಕಳುಹಿಸಿದರು, ಮೂರು ಕೆಂಪು ಟೈಗಳ ಸಮೇತ. ಹಾಳೆಯ ಪಟ್ಟಿಯನ್ನು ಶಾಲೆಯವರು ಇಟ್ಟುಕೊಂಡರು. ವಲ್ಲಿಯ ಕಚ್ಚಾ ಹೊಲಿಗೆಯನ್ನು ಬಿಚ್ಚಿ, ಮಡಿಸಿ ಟ್ರಂಕಿನಲ್ಲಿಡಲು ಹೋದೆ. ಅಳಿಯ ಅದನ್ನು ಕೇಳಿ ಪಡೆದು, ತನ್ನ ಪುಸ್ತಕದ ಕಪಾಟಿನಲ್ಲಿಟ್ಟುಕೊಂಡ.